ವಿಡಿಯೋದಲ್ಲಿ ಡಾಕ್ಟರ್ ಸಿಗ್ತಾರೆ, ‘ನಮ್ಮ ಡಾಕ್ಟ್ರು’ ಎಲ್ಲಿ?

ಕೇಂದ್ರ ಆರೋಗ್ಯ ಸಚಿವಾಲಯದ ‘ಇ-ಸಂಜೀವಿನಿ’ಯಲ್ಲಿ ನಡೆದ ಸಮಾಲೋಚನೆಗಳ ಸಂಖ್ಯೆ 2023ರ ಫೆಬ್ರವರಿಯಲ್ಲಿ 10 ಕೋಟಿ ಮುಟ್ಟಿತು. ಪ್ರಧಾನಿ ಅದನ್ನು ತಮ್ಮ ‘ಮನ್ ಕಿ ಬಾತ್’ನಲ್ಲೂ ಹೇಳಿಕೊಂಡರು. ಎರಡು ವರ್ಷ ಕಳೆಯುವ ಹೊತ್ತಿಗೆ ಆ ಸಂಖ್ಯೆ 30 ಕೋಟಿಯನ್ನೂ ದಾಟಿತ್ತು. ಮೊದಲ 10 ಕೋಟಿಯಲ್ಲಿ ಕರ್ನಾಟಕದ ಪಾಲೇ 1 ಕೋಟಿಗಿಂತ ಹೆಚ್ಚು.

ಕೇಳೋಕೆ ಚೆನ್ನಾಗಿದೆ. ಆದರೆ ಈ ಲೆಕ್ಕ ಎಣಿಸುವುದು ಕರೆಗಳನ್ನು. ಕರೆ ಮುಗಿದ ಮೇಲೆ ಆ ರೋಗಿ ಏನಾದರು? ಬರೆದುಕೊಟ್ಟ ಮಾತ್ರೆ ಊರಲ್ಲಿ ಸಿಕ್ಕಿತಾ? ಹದಿನೈದು ದಿನ ಬಿಟ್ಟು ಅದೇ ತೊಂದರೆ ಮರುಕಳಿಸಿದಾಗ ಅದೇ ವೈದ್ಯರು ಮತ್ತೆ ಸಿಕ್ಕರಾ? ಯಾವ ಪತ್ರಿಕಾ ಪ್ರಕಟಣೆಯಲ್ಲೂ ಈ ಪ್ರಶ್ನೆಗಳು ದೊಡ್ಡಕ್ಷರದಲ್ಲಿ ಕಾಣುವುದಿಲ್ಲ.

ವಿಡಿಯೋದಲ್ಲಿ ವೈದ್ಯರನ್ನು ‘ಭೇಟಿ’ ಮಾಡಿದವರನ್ನು ಕೇಳಿ ನೋಡಿ. ಎರಡು ಥರದ ಉತ್ತರ ಬರುತ್ತದೆ. “ಪುಣ್ಯ, ಒಂದು ದಿನದ ಕೆಲಸ ಉಳೀತು” ಅನ್ನೋರು ಒಂದು ಕಡೆ. “ಅವರು ನನ್ನ ನೋಡಲೇ ಇಲ್ಲ, ಬರೀ ಬರಕೊಂಡ್ರು” ಅನ್ನೋರು ಇನ್ನೊಂದು ಕಡೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಒಂದೇ ತಂತ್ರಜ್ಞಾನ, ಎರಡು ಅನುಭವ. ವ್ಯತ್ಯಾಸ ಬಂದದ್ದೆಲ್ಲಿ? ನೆಟ್‌ವರ್ಕ್‌ನಿಂದ ಅನ್ನೋದು ಅರ್ಧ ಉತ್ತರ. ಉಳಿದರ್ಧ ಪರಿಚಯದಲ್ಲಿದೆ. ಪರದೆಯ ಆಚೆ ಕೂತವರು ನಿಮ್ಮನ್ನು ಮೊದಲೇ ಬಲ್ಲವರಾ, ಇಲ್ಲವಾ ಅನ್ನುವುದರಲ್ಲಿ.

ಹೆದರಿಕೆಯಿಂದ ಅನುಮತಿಗೆ

ದೂರದಿಂದ ವೈದ್ಯ ಸಲಹೆ ಕೊಡುವುದು ಕೋವಿಡ್ ಕಾಲದ ಆವಿಷ್ಕಾರವೇನಲ್ಲ. 2000ದ ದಶಕದ ಆರಂಭದಲ್ಲೇ ಇಸ್ರೋ ತನ್ನ ಉಪಗ್ರಹದ ಮೂಲಕ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನೂ, ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯನ್ನೂ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಿತ್ತು. ಸ್ಮಾರ್ಟ್‌ಫೋನ್ ಅನ್ನುವ ಪದವೇ ಊರಿಗೆ ಬಂದಿರದ ಕಾಲ ಅದು.

ಆದರೆ ನಿಯಮ ಇರಲಿಲ್ಲ. ಫೋನಿನಲ್ಲಿ ಔಷಧ ಹೇಳುವುದು ಸರಿಯೋ ತಪ್ಪೋ ಅನ್ನುವ ಗೊಂದಲ ಹಾಗೇ ಉಳಿದಿತ್ತು. 2018ರಲ್ಲಿ ಬಾಂಬೆ ಹೈಕೋರ್ಟ್, ಫೋನಿನಲ್ಲಿ ಚಿಕಿತ್ಸೆ ಸೂಚಿಸಿದ ನಂತರ ರೋಗಿ ಸತ್ತ ಪ್ರಕರಣವೊಂದರಲ್ಲಿ ವೈದ್ಯ ದಂಪತಿಗೆ ನಿರೀಕ್ಷಣಾ ಜಾಮೀನು ನಿರಾಕರಿಸಿತು. ದೇಶದ ಎಷ್ಟೋ ವೈದ್ಯರು ಫೋನ್ ಸಲಹೆ ಅಂದರೆ ಬೆಚ್ಚುವಂತಾಯಿತು.

ಲಾಕ್‌ಡೌನ್ ಎಲ್ಲವನ್ನೂ ತಿರುಗುಮುರುಗು ಮಾಡಿತು. 2020ರ ಮಾರ್ಚ್ 25ರಂದು, ಅಂದರೆ ಲಾಕ್‌ಡೌನ್ ಜಾರಿಯಾದ ದಿನವೇ, ‘ಟೆಲಿಮೆಡಿಸಿನ್ ಪ್ರಾಕ್ಟೀಸ್ ಗೈಡ್‌ಲೈನ್ಸ್’ ಹೊರಬಂತು. ಏಪ್ರಿಲ್ 13ಕ್ಕೆ ಮನೆಯಿಂದಲೇ ವೈದ್ಯರನ್ನು ಕಾಣಬಹುದಾದ ‘ಇ-ಸಂಜೀವಿನಿ ಒಪಿಡಿ’ ಶುರುವಾಯಿತು. ಇದರ ಸಾಫ್ಟ್‌ವೇರ್ ರೂಪಿಸಿದ್ದು ಮೊಹಾಲಿಯ ಸಿ-ಡ್ಯಾಕ್. 2019ರ ನವೆಂಬರ್‌ನಲ್ಲಿ ಆರಂಭವಾಗಿದ್ದ ಇನ್ನೊಂದು ರೂಪವೂ ಇದರ ಜೊತೆ ಬೆಳೆಯಿತು. ಅದರಲ್ಲಿ ರೋಗಿ ತನ್ನ ಊರಿನ ಉಪಕೇಂದ್ರಕ್ಕೆ ಹೋಗುತ್ತಾರೆ. ಅಲ್ಲಿನ ಸಮುದಾಯ ಆರೋಗ್ಯ ಅಧಿಕಾರಿ, ಅಂದರೆ ಸಿಎಚ್‌ಒ, ವಿಡಿಯೋ ಮೂಲಕ ‘ಹಬ್’ನಲ್ಲಿರುವ ವೈದ್ಯರನ್ನು ಸಂಪರ್ಕಿಸುತ್ತಾರೆ. ಕೋಟಿಗಟ್ಟಲೆ ಸಮಾಲೋಚನೆಗಳಲ್ಲಿ ಬಹುಪಾಲು ಈ ಎರಡನೇ ಬಗೆಯವು.

ಹಾಗಾಗಿ ನಮ್ಮಲ್ಲಿ ವಿಡಿಯೋ ಭೇಟಿ ಅಂದರೆ ಎರಡು ಪ್ರಪಂಚ. ಬೆಂಗಳೂರಿನ ಫ್ಲಾಟಿನಲ್ಲಿ ಕೂತು ಆ್ಯಪ್‌ನಲ್ಲಿ ಐನೂರು ರೂಪಾಯಿ ಕಟ್ಟಿ ಚರ್ಮದ ಡಾಕ್ಟರನ್ನು ಕಾಣುವುದು ಒಂದು. ಹಳ್ಳಿಯ ಉಪಕೇಂದ್ರದ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು, ಸಿಎಚ್‌ಒ ಕೈಯಲ್ಲಿರುವ ಟ್ಯಾಬ್ ಕಡೆ ನೋಡುವುದು ಇನ್ನೊಂದು.

ಉಳಿತಾಯ ಸಣ್ಣದಲ್ಲ

ಮೊದಲು ಲಾಭದ ಮಾತಾಡೋಣ. ನಮ್ಮಂಥ ‘ಪ್ರಶ್ನೆ ಕೇಳುವವರು’ ಅನುಕೂಲ ಆದವರ ಮಾತನ್ನು ಬೇಗ ತಳ್ಳಿಹಾಕಿಬಿಡುತ್ತೇವೆ. ಅದು ಸರಿಯಲ್ಲ.

ಕರ್ನಾಟಕದಲ್ಲಿ 2025–26ಕ್ಕೆ ನಿಗದಿಯಾದ ನರೇಗಾ ದಿನಗೂಲಿ 370 ರೂಪಾಯಿ. ಬಿಪಿ ಮಾತ್ರೆ ಬದಲಿಸಬೇಕೋ ಬೇಡವೋ ಅಂತ ಕೇಳಲು ತಾಲೂಕು ಆಸ್ಪತ್ರೆಗೆ ಹೋದರೆ ಆ 370 ಹೋಯಿತು. 2023ರ ಜೂನ್‌ನಿಂದ ‘ಶಕ್ತಿ’ ಯೋಜನೆಯಲ್ಲಿ ಹೆಂಗಸರಿಗೆ ಬಸ್ ಚಾರ್ಜು ಉಳಿದಿದೆ ನಿಜ, ಕೂಲಿ ಉಳಿಯೋದಿಲ್ಲವಲ್ಲ. ಜೊತೆಗೆ ಬರುವ ಮಗನ ಕೂಲಿಯೂ ಹೋಗುತ್ತದೆ. ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನ ಸ್ವಂತ ಜೇಬಿನಿಂದ ಕೊಡುವ ಪಾಲು 2021–22ರಲ್ಲಿ ಶೇ. 39.4. ಕಳೆದುಕೊಂಡ ಕೂಲಿ ಆ ಲೆಕ್ಕಕ್ಕೆ ಬರುವುದೇ ಇಲ್ಲ. ಊರಲ್ಲೇ ಕೆಲಸ ಮುಗಿದರೆ ಆ ಮನೆಗೆ ಅದು ದೊಡ್ಡ ಉಳಿತಾಯ.

ಹಾಸಿಗೆ ಹಿಡಿದ ಅಜ್ಜ, ಗಾಲಿಕುರ್ಚಿಯಲ್ಲಿರುವ ಮಗಳು, ಹಸುಗೂಸಿನ ತಾಯಿ, ಇವರಿಗೆಲ್ಲ ಆಸ್ಪತ್ರೆಯ ಮೆಟ್ಟಿಲು ಹತ್ತುವುದೇ ಒಂದು ಯುದ್ಧ. 10 ಕೋಟಿ ಮುಟ್ಟಿದಾಗ ಕೇಂದ್ರ ಕೊಟ್ಟ ಮಾಹಿತಿ ಪ್ರಕಾರ ಇ-ಸಂಜೀವಿನಿ ಬಳಸಿದವರಲ್ಲಿ ಶೇ. 57ರಷ್ಟು ಮಹಿಳೆಯರು, ಸುಮಾರು ಶೇ. 12 ಹಿರಿಯ ನಾಗರಿಕರು. ಮನೆಯ ಎಲ್ಲರ ಆರೋಗ್ಯ ನೋಡಿಕೊಂಡು ತನ್ನದನ್ನು ಮಾತ್ರ ‘ಆಮೇಲೆ ನೋಡೋಣ’ ಅಂತ ಮುಂದೂಡುವ ಹೆಂಗಸಿಗೆ ಊರೊಳಗಿನ ಉಪಕೇಂದ್ರ ಹತ್ತಿರದ ದಾರಿ.

ಮಾನಸಿಕ ಆರೋಗ್ಯದ ವಿಷಯದಲ್ಲಂತೂ ದೂರವೇ ಕೆಲವೊಮ್ಮೆ ವರ. 2022ರ ಅಕ್ಟೋಬರ್ 10ರಂದು ಆರಂಭವಾದ ‘ಟೆಲಿ ಮಾನಸ್’ಗೆ ನಮ್ಮ ನಿಮ್ಹಾನ್ಸ್ ಮುಖ್ಯ ಕೇಂದ್ರ. 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. 2024ರಲ್ಲಿ ವಿಡಿಯೋ ಸಮಾಲೋಚನೆ ಸೇರಿಸಿದಾಗ ಮೊದಲು ಶುರುವಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ‘ಹುಚ್ಚಾಸ್ಪತ್ರೆಗೆ ಹೋಗಿ ಬಂದಳಂತೆ’ ಅನ್ನೋ ಮಾತಿಗೆ ಹೆದರುವ ಊರಲ್ಲಿ, ಯಾರ ಕಣ್ಣಿಗೂ ಬೀಳದೆ ಸಹಾಯ ಕೇಳುವ ಅವಕಾಶ ಜೀವ ಉಳಿಸುತ್ತದೆ.

ಪರದೆ ದಾಟಿ ಬಾರದ್ದು

ಈಗ ಎರಡನೇ ಉತ್ತರಕ್ಕೆ ಬರೋಣ. “ನೋಡಲೇ ಇಲ್ಲ” ಅನ್ನುವ ದೂರು.

ನಮ್ಮ ಜನ ಡಾಕ್ಟರ ಬಗ್ಗೆ ಮಾತಾಡುವಾಗ ‘ಕೈಗುಣ’ ಅನ್ನುತ್ತಾರೆ. ಅದನ್ನು ಮೂಢನಂಬಿಕೆ ಅಂತ ನಗಬೇಡಿ. ಹೊಟ್ಟೆ ಒತ್ತಿ ಎಲ್ಲಿ ನೋವು ಅಂತ ಹುಡುಕುವುದು, ಕಣ್ಣಿನ ರೆಪ್ಪೆ ಕೆಳಗೆಳೆದು ರಕ್ತ ಎಷ್ಟಿದೆ ಅಂತ ನೋಡುವುದು, ಎದೆಗೆ ಸ್ಟೆತಸ್ಕೋಪ್ ಇಡುವುದು, ಊದಿದ ಕಾಲನ್ನು ಬೆರಳಿನಿಂದ ಒತ್ತಿ ಗುಳಿ ಬೀಳುತ್ತಾ ಅಂತ ಪರೀಕ್ಷಿಸುವುದು, ಇವೆಲ್ಲ ಕೈಯಿಂದ ಆಗುವ ಕೆಲಸ. ಕ್ಯಾಮೆರಾಕ್ಕೆ ಕೈ ಇಲ್ಲ.

ಇನ್ನೊಂದು ವಿಷಯವೂ ಇದೆ. ಜಾತಿಯ ಕಾರಣಕ್ಕೆ ಮೈ ಮುಟ್ಟದೆ, ದೂರ ನಿಲ್ಲಿಸಿ, ಮುಖವನ್ನೂ ಸರಿಯಾಗಿ ನೋಡದೆ ಚೀಟಿ ಬರೆದು ಕಳಿಸುವ ವೈದ್ಯರನ್ನು ವಿಡಿಯೋ ಹುಟ್ಟುಹಾಕಲಿಲ್ಲ, ಅವರು ಮೊದಲೇ ಇದ್ದರು. ಆದರೆ ಮುಟ್ಟಿಸಿಕೊಳ್ಳುವುದೇ ಗೌರವ ಅನ್ನಿಸುವ ಸಮಾಜದಲ್ಲಿ ‘ಮುಟ್ಟದೆ ನೋಡುವ’ ವ್ಯವಸ್ಥೆಯೇ ಬಡವರ ಪಾಲಿನ ಮಾಮೂಲಿ ಚಿಕಿತ್ಸೆ ಆಗಿಬಿಟ್ಟರೆ? ಉಳ್ಳವರಿಗೆ ಕೈಯಿಂದ ಪರೀಕ್ಷೆ, ಇಲ್ಲದವರಿಗೆ ಪರದೆ ಅನ್ನುವ ಹೊಸ ಪಂಕ್ತಿಭೇದ ಆಗುವುದಿಲ್ಲವೇ?

ಭಾಷೆಯ ತೊಡಕು ಬೇರೆ. ‘ಜೀವ ಹೊಡಕೊಳ್ತದೆ’, ‘ಹೊಟ್ಟೆ ತೊಳಸ್ತದೆ’, ‘ತಲೆ ಧಿಂ ಅಂತದೆ’ ಅನ್ನೋ ಮಾತುಗಳಿಗೆ ಆಯಾ ಸೀಮೆಯಲ್ಲಿ ಆಯಾ ಅರ್ಥ. ಎದುರಿಗೆ ಕೂತ ವೈದ್ಯರು ಕೈಸನ್ನೆ ನೋಡಿ ಅರ್ಥ ಮಾಡಿಕೊಳ್ಳಬಹುದು. ಆಡಿಯೋ ತುಂಡು ತುಂಡಾಗಿ ಬರುವಾಗ, ಆಚೆಯವರಿಗೆ ಆ ಸೀಮೆಯ ಕನ್ನಡ ಹೊಸದಾಗಿರುವಾಗ, ‘ಗ್ಯಾಸ್ಟ್ರಿಕ್’ ಅನ್ನೋ ಒಂದೇ ಪದದಲ್ಲಿ ಎಲ್ಲವೂ ಮುಗಿದುಹೋಗುತ್ತದೆ.

ಗುಟ್ಟು ಉಳಿಯುವುದೂ ಕಷ್ಟ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ (2019–21) ಪ್ರಕಾರ ದೇಶದಲ್ಲಿ ತಾವೇ ಬಳಸುವ ಮೊಬೈಲ್ ಇದ್ದ ಮಹಿಳೆಯರು ಶೇ. 54. ಒಮ್ಮೆಯಾದರೂ ಇಂಟರ್ನೆಟ್ ಬಳಸಿದ ಮಹಿಳೆಯರು ಶೇ. 33, ಗಂಡಸರು ಶೇ. 57. ಆಮೇಲೆ ಫೋನುಗಳು ಹೆಚ್ಚಿರಬಹುದು. ಆದರೆ ಎಷ್ಟೋ ಮನೆಗಳಲ್ಲಿ ಇವತ್ತಿಗೂ ವಿಡಿಯೋ ಕರೆಗೆ ಲಾಯಕ್ಕಾದ ಫೋನು ಗಂಡನದ್ದು ಅಥವಾ ಮಗನದ್ದು. ಬಿಳಿ ಮುಟ್ಟಿನ ತೊಂದರೆ, ಗರ್ಭಪಾತ, ಗಂಡನ ಹೊಡೆತ, ಇವನ್ನು ಆ ಗಂಡನೇ ಹಿಡಿದುಕೊಂಡ ಫೋನಿನ ಮುಂದೆ ಹೇಳುವುದು ಹೇಗೆ? ಉಪಕೇಂದ್ರದಲ್ಲೂ ಅಷ್ಟೆ. ಒಂದೇ ಕೋಣೆ, ಸ್ಪೀಕರ್ ಆನ್, ಬಾಗಿಲಲ್ಲಿ ಸರದಿಗೆ ಕಾದಿರುವ ಪಕ್ಕದ ಮನೆಯವರು.

ನೆಟ್‌ವರ್ಕ್ ಕಥೆ ಮಲೆನಾಡಿನವರಿಗೆ ಹೇಳಬೇಕಿಲ್ಲ. ಸಾಗರ, ಹೊಸನಗರದ ಕಡೆ ಹಳ್ಳಿಗರು ‘ನೋ ನೆಟ್‌ವರ್ಕ್, ನೋ ವೋಟಿಂಗ್’ ಅಂತ ಅಭಿಯಾನವನ್ನೇ ಮಾಡಿದರು. ಸಿಗ್ನಲ್‌ಗಾಗಿ ಗುಡ್ಡ ಹತ್ತಬೇಕಾದ ಊರಿನಲ್ಲಿ ವಿಡಿಯೋ ಡಾಕ್ಟರ್ ಅಂದರೆ ಗುಡ್ಡದ ತುದಿಯ ಡಾಕ್ಟರ್. ಜ್ವರ ಬಂದವರು ಗುಡ್ಡ ಹತ್ತಬೇಕು.

ಮುಖ ಊದಿದ್ದು ಯಾರಿಗೆ ಕಂಡಿತು?

ಇಷ್ಟೆಲ್ಲ ಅಡಚಣೆ ಇದ್ದೂ ವಿಡಿಯೋ ಭೇಟಿ ಕೆಲವರಿಗೆ ಚೆನ್ನಾಗಿ ಕೆಲಸ ಮಾಡಿದೆ. ಯಾರಿಗೆ?

ನಮ್ಮ ದೊಡ್ಡಮ್ಮನಿಗೆ ಇಪ್ಪತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಅಷ್ಟೂ ವರ್ಷ ತೋರಿಸಿದ್ದು ಊರಿನ ಒಬ್ಬರೇ ಡಾಕ್ಟರಿಗೆ. ಕೋವಿಡ್ ಎರಡನೇ ಅಲೆಯಲ್ಲಿ ಕ್ಲಿನಿಕ್‌ಗೆ ಹೋಗಲಾಗದೆ ವಾಟ್ಸ್ಆ್ಯಪ್ ವಿಡಿಯೋ ಮಾಡಿದೆವು. ದೊಡ್ಡಮ್ಮ ಹೇಳಲು ಹೊರಟದ್ದು ಮಂಡಿನೋವಿನ ವಿಷಯ. ಡಾಕ್ಟರು ಅರ್ಧದಲ್ಲೇ ತಡೆದು, “ಏನಮ್ಮಾ, ಮುಖ ಯಾಕೆ ಊದಿಕೊಂಡಿದೆ? ಫೋನು ಕೆಳಗೆ ಹಿಡೀರಿ, ಪಾದ ತೋರಿಸಿ” ಅಂದರು. ಮರುದಿನವೇ ರಕ್ತ, ಮೂತ್ರ ಪರೀಕ್ಷೆ ಮಾಡಿಸಿದರು. ಮೂತ್ರಪಿಂಡದ ತೊಂದರೆ ಆರಂಭದಲ್ಲೇ ಗೊತ್ತಾಯಿತು. ಅದಕ್ಕೆ ಎರಡು ವಾರ ಮುಂಚೆ ಒಂದು ಆ್ಯಪ್‌ನಲ್ಲಿ ದುಡ್ಡು ಕಟ್ಟಿ ಬೇರೊಬ್ಬರಿಗೆ ತೋರಿಸಿದ್ದೆವು. ಅವರು ನಾಲ್ಕು ನಿಮಿಷದಲ್ಲಿ ಮಂಡಿಗೆ ನೋವಿನ ಮಾತ್ರೆ ಬರೆದಿದ್ದರು.

ಆ್ಯಪ್‌ನ ವೈದ್ಯರು ದಡ್ಡರೇನಲ್ಲ. ಅವರ ಪದವಿ ದೊಡ್ಡದೇ ಇತ್ತು. ಆದರೆ ದೊಡ್ಡಮ್ಮನ ಮುಖ ಮಾಮೂಲಿಯಾಗಿ ಹೇಗಿರುತ್ತದೆ ಅಂತ ಅವರಿಗೆ ಗೊತ್ತಿರಲಿಲ್ಲ, ಗೊತ್ತಿರಲು ಸಾಧ್ಯವೂ ಇರಲಿಲ್ಲ. ಊದಿದ ಮುಖವನ್ನೇ ಅವರು ಅವಳ ಮುಖ ಅಂದುಕೊಂಡರು. ಹಳೆಯ ಡಾಕ್ಟರಿಗೆ ಆ ಮಸುಕು ವಿಡಿಯೋದಲ್ಲೂ ವ್ಯತ್ಯಾಸ ಕಂಡಿದ್ದು, ಇಪ್ಪತ್ತು ವರ್ಷದ ಪರಿಚಯದಿಂದ.

ಒಂದು ಮನೆಯ ಕಥೆಯಿಂದ ನೀತಿ ಮಾಡಲಾಗದು, ಒಪ್ಪೋಣ. ನಾರ್ವೆಯ ಉದಾಹರಣೆ ನೋಡಿ. ಅಲ್ಲಿ 2001ರಿಂದ ಪ್ರತಿಯೊಬ್ಬರಿಗೂ ಒಬ್ಬ ನಿಗದಿತ ಕುಟುಂಬ ವೈದ್ಯರನ್ನು ಹೊಂದುವ ಹಕ್ಕಿದೆ. ಲಕ್ಷಾಂತರ ಜನರ ದಾಖಲೆ ಆಧರಿಸಿ ಅಲ್ಲಿನ ಸಂಶೋಧಕರು ಕಂಡುಕೊಂಡದ್ದು ಇಷ್ಟು: 15 ವರ್ಷಕ್ಕಿಂತ ಹೆಚ್ಚು ಕಾಲ ಒಬ್ಬರೇ ವೈದ್ಯರ ಬಳಿ ಇದ್ದವರಲ್ಲಿ, ಒಂದೇ ವರ್ಷದ ಪರಿಚಯ ಇದ್ದವರಿಗಿಂತ ಸಾವಿನ ಸಂಭವ ಸುಮಾರು ಶೇ. 25ರಷ್ಟು ಕಡಿಮೆ. ತುರ್ತಾಗಿ ಆಸ್ಪತ್ರೆಗೆ ಸೇರುವ ಸಂಭವವೂ ಹೆಚ್ಚುಕಡಿಮೆ ಅಷ್ಟೇ ಕಡಿಮೆ. ಪರಿಚಯವೇ ಇದಕ್ಕೆಲ್ಲ ಏಕೈಕ ಕಾರಣ ಅಂತ ಇಂಥ ಅಧ್ಯಯನ ಸಾಬೀತು ಮಾಡಲಾರದು. ಆದರೂ ಪರಿಚಯದ ವರ್ಷ ಹೆಚ್ಚಿದ ಹಾಗೆ ಲಾಭವೂ ಹೆಚ್ಚುತ್ತಾ ಹೋದದ್ದು ಗಮನಿಸಬೇಕಾದ ಸಂಗತಿ.

ಬ್ರಿಟನ್ ಇನ್ನೊಂದು ಪಾಠ ಹೇಳುತ್ತದೆ. ಅಲ್ಲಿ ಎಲ್ಲರ ಹೆಸರೂ ಒಂದು ಕುಟುಂಬ ವೈದ್ಯರ ಕ್ಲಿನಿಕ್‌ನಲ್ಲಿ ನೋಂದಣಿಯಾಗಿರುತ್ತದೆ. ಕೋವಿಡ್ ಬಂದಾಗ ಎಲ್ಲವನ್ನೂ ಫೋನು, ವಿಡಿಯೋಗೆ ತಿರುಗಿಸಿದರು. ಕೊನೆಗೆ ಉಳಿದದ್ದು ಹೆಚ್ಚಾಗಿ ಫೋನು ಮತ್ತು ಮುಖಾಮುಖಿ ಭೇಟಿ, ವಿಡಿಯೋ ತೀರಾ ಕಡಿಮೆ. 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ದೂರದ ಸಮಾಲೋಚನೆಯಲ್ಲಿ ಆದ 95 ಸುರಕ್ಷತಾ ಲೋಪಗಳನ್ನು ಬಿಡಿಸಿ ನೋಡಿತು. ದೂರದ ಸಮಾಲೋಚನೆ ಬಹುತೇಕ ಸಂದರ್ಭಗಳಲ್ಲಿ ಸುರಕ್ಷಿತ, ಎಡವಟ್ಟು ಆಗುವುದು ಕಾಯಿಲೆಯ ತೀವ್ರತೆಯನ್ನು ಕಡಿಮೆ ಅಂದಾಜು ಮಾಡಿದಾಗ, ಸಂವಹನ ಸರಿಯಾಗದಾಗ, ‘ಹೀಗಾದರೆ ಕೂಡಲೇ ಬನ್ನಿ’ ಅಂತ ಹೇಳದೆ ಬಿಟ್ಟಾಗ ಅನ್ನುವುದು ಅದರ ತಾತ್ಪರ್ಯ. ವಿಡಿಯೋ ಕುಟುಂಬ ವೈದ್ಯರ ಯುಗವನ್ನೇ ಬದಲಿಸುತ್ತೇವೆ ಅಂತ ಹೊರಟಿದ್ದ ಅಲ್ಲಿನ ಬ್ಯಾಬಿಲಾನ್ ಕಂಪನಿ ಅದೇ 2023ರಲ್ಲಿ ದಿವಾಳಿಯಾಯಿತು.

ನಮ್ಮ ನಿಯಮವೂ ಇದನ್ನೇ ಹೇಳುತ್ತದೆ

ತಮಾಷೆ ಅಂದರೆ ಈ ಪರಿಚಯದ ಬೆಲೆ ನಮ್ಮ ಸರ್ಕಾರಕ್ಕೆ ಗೊತ್ತಿಲ್ಲದ್ದೇನಲ್ಲ. 2020ರ ಮಾರ್ಗಸೂಚಿಯನ್ನೇ ತೆರೆದು ನೋಡಿ. ಅದು ಮೊದಲ ಸಮಾಲೋಚನೆಯನ್ನೂ ಮುಂದುವರಿದ ಸಮಾಲೋಚನೆಯನ್ನೂ ಬೇರೆ ಬೇರೆ ಮಾಡುತ್ತದೆ. ಅದೇ ವೈದ್ಯರು, ಅದೇ ತೊಂದರೆಗೆ, ಹಿಂದಿನ 6 ತಿಂಗಳೊಳಗೆ ನಿಮ್ಮನ್ನು ಖುದ್ದಾಗಿ ನೋಡಿದ್ದರೆ ಅದು ‘ಮುಂದುವರಿದದ್ದು’. ಅಂಥ ವೈದ್ಯರಿಗೆ ಔಷಧ ಬರೆಯಲು ಹೆಚ್ಚು ಸ್ವಾತಂತ್ರ್ಯ ಇದೆ. ಮೊದಲ ಬಾರಿ ನೋಡುವವರಿಗೆ ಮಿತಿ ಹೆಚ್ಚು. ಅಂದರೆ ಪರಿಚಯವೇ ಒಂದು ಸುರಕ್ಷತೆ ಅಂತ ನಿಯಮ ಒಪ್ಪಿಕೊಂಡಿದೆ.

ಆದರೆ ವ್ಯವಸ್ಥೆ ಕಟ್ಟುವಾಗ ಅದನ್ನು ಮರೆತರು. ಮನೆಯಿಂದ ಇ-ಸಂಜೀವಿನಿಗೆ ಹೋದರೆ ಟೋಕನ್ ಸಿಗುತ್ತದೆ, ಆ ಹೊತ್ತಿಗೆ ಆನ್‌ಲೈನ್ ಇರುವ ವೈದ್ಯರು ಸಿಗುತ್ತಾರೆ. ಮುಂದಿನ ವಾರ ಇನ್ನೊಬ್ಬರು. ಬಸ್ ಸ್ಟ್ಯಾಂಡಿನ ಆಟೋ ಥರ, ಸರದಿಯಲ್ಲಿ ಯಾರಿದ್ದಾರೋ ಅವರು. ಕಥೆಯನ್ನು ಪ್ರತಿ ಸಲ ಮೊದಲಿಂದ ಹೇಳಬೇಕು. ಕಥೆ ಹೇಳಿ ಹೇಳಿ ಬೇಸತ್ತ ರೋಗಿ ಮುಖ್ಯವಾದದ್ದನ್ನೇ ಬಿಟ್ಟುಬಿಡುತ್ತಾರೆ.

ಹಳ್ಳಿಯ ಉಪಕೇಂದ್ರದಲ್ಲಿ ಪರಿಚಯದ ಮುಖ ಅಂದರೆ ಸಿಎಚ್‌ಒ. ರೋಗಿಯ ಬಿಪಿ ನೋಡುವವರು, ಸಕ್ಕರೆ ಪರೀಕ್ಷಿಸುವವರು, ವೈದ್ಯರ ಇಂಗ್ಲಿಷನ್ನು ಹಳ್ಳಿಯ ಕನ್ನಡಕ್ಕೆ ತರುವವರು ಅವರೇ. ವಿಡಿಯೋ ಭೇಟಿಯ ನಿಜವಾದ ಕೈ ಮತ್ತು ಕಿವಿ ಅವರದ್ದು. ಆದರೆ ಅವರ ಕೆಲಸ ರಾಷ್ಟ್ರೀಯ ಆರೋಗ್ಯ ಅಭಿಯಾನದಡಿ ಗುತ್ತಿಗೆಯದ್ದು. ಸಂಬಳದ ಒಂದು ಭಾಗ ಸಾಧನೆ ಆಧರಿಸಿದ ಪ್ರೋತ್ಸಾಹಧನ. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಗುತ್ತಿಗೆ ವೈದ್ಯರ, ಕಡ್ಡಾಯ ಸೇವೆಯ ವೈದ್ಯರ ಅವಧಿಯೂ ಅಷ್ಟರಲ್ಲೇ ಇದೆ. ಊರಿನ ಹೆಸರು ನಾಲಿಗೆಗೆ ಕೂರುವಷ್ಟರಲ್ಲಿ ಅವರು ಹೊರಟಿರುತ್ತಾರೆ.

ಇದರ ಮೇಲೆ ಟಾರ್ಗೆಟ್. ದಿನಕ್ಕಿಷ್ಟು ಸಮಾಲೋಚನೆ ಆಗಲೇಬೇಕು ಅನ್ನುವ ಒತ್ತಡದ ಬಗ್ಗೆ ಹಲವು ರಾಜ್ಯಗಳ ಸಿಎಚ್‌ಒಗಳು ದೂರಿದ್ದಾರೆ. ಸಂಖ್ಯೆಯೇ ಸಾಧನೆಯಾದಾಗ ಏನಾಗುತ್ತದೆ ಅಂತ ಊಹಿಸುವುದು ಕಷ್ಟವಲ್ಲ. ಸುಲಭದ ಶೀತ, ಕೆಮ್ಮು ಎಣಿಕೆಗೆ ಬೇಗ ಸೇರುತ್ತವೆ. ಅರ್ಧ ಗಂಟೆ ಬೇಡುವ ಖಿನ್ನತೆ, ಕಾರಣ ತಿಳಿಯದ ರಕ್ತಸ್ರಾವ ಹಿಂದೆ ಉಳಿಯುತ್ತವೆ. ಲೆಕ್ಕದಲ್ಲಿ ಎರಡಕ್ಕೂ ಬೆಲೆ ಒಂದೇ: ಒಂದು.

ಕೆಲಸ ಮಾಡಿದ ಮಾದರಿ ಇಲ್ಲೇ ಇದೆ

ಹಾಗಾದರೆ ದೂರಚಿಕಿತ್ಸೆಯೇ ಬೇಡವೇ? ಬೇಕು. ಎಲ್ಲಿ ಕೆಲಸ ಮಾಡಿದೆ ಅಂತ ನೋಡಿ ಕಲಿಯಬೇಕು. ಅದಕ್ಕೆ ನಾರ್ವೆಗೆ ಹೋಗಬೇಕಿಲ್ಲ.

ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ‘ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್ಸ್’ ಅಂತ ಒಂದು ಪ್ರಯತ್ನ ಶುರು ಮಾಡಿದರು. ಹಳ್ಳಿಗಾಡಿನ ಆರೋಗ್ಯ ಕೇಂದ್ರಗಳಿಗೆ, ವೈದ್ಯರಿಗೆ ಇಸಿಜಿ ಯಂತ್ರ ಕೊಡುವುದು, ಅವರನ್ನು ವಾಟ್ಸ್ಆ್ಯಪ್ ಗುಂಪಿನಲ್ಲಿ ತಜ್ಞರ ಜೊತೆ ಸೇರಿಸುವುದು. ಎದೆನೋವಿನ ರೋಗಿ ಬಂದರೆ ಊರಿನ ವೈದ್ಯರು ಇಸಿಜಿ ತೆಗೆದು ಕಳಿಸುತ್ತಾರೆ, ಕೆಲವೇ ನಿಮಿಷದಲ್ಲಿ ಉತ್ತರ ಬರುತ್ತದೆ. ರಾಜ್ಯ ಸರ್ಕಾರದ ‘ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ’ ಯೋಜನೆಯದ್ದೂ ಇದೇ ದಾರಿ. ತಾಲೂಕು ಆಸ್ಪತ್ರೆಯಲ್ಲಿ ಇಸಿಜಿ, ಜಯದೇವದಂಥ ದೊಡ್ಡ ಆಸ್ಪತ್ರೆಯಿಂದ ಸಲಹೆ, ಹೃದಯಾಘಾತ ಖಚಿತವಾದರೆ ಹೆಪ್ಪುಗಟ್ಟಿದ ರಕ್ತ ಕರಗಿಸುವ ದುಬಾರಿ ಇಂಜೆಕ್ಷನ್ ಅಲ್ಲೇ ಉಚಿತ.

ಈ ಎರಡರಲ್ಲೂ ಒಂದು ಸಾಮಾನ್ಯ ಅಂಶ ಗಮನಿಸಿದಿರಾ? ರೋಗಿಯ ಪಕ್ಕದಲ್ಲಿ ಒಬ್ಬ ವೈದ್ಯರಿದ್ದಾರೆ. ಅವರು ಮುಟ್ಟಿ ನೋಡುತ್ತಾರೆ, ಹೊಣೆ ಹೊರುತ್ತಾರೆ. ದೂರದ ತಜ್ಞರು ಆ ಹತ್ತಿರದ ವೈದ್ಯರ ಕೈ ಬಲಪಡಿಸುತ್ತಾರೆ. ಅಲ್ಲಿ ಪರದೆ ಬಂದದ್ದು ವೈದ್ಯರ ಜೊತೆಗೆ. ಎಷ್ಟೋ ಕಡೆ ಪರದೆ ಬರುತ್ತಿರುವುದು ವೈದ್ಯರ ಜಾಗಕ್ಕೆ.

“ಡಾಕ್ಟರೇ ಇಲ್ಲದ ಊರಿಗೆ ವಿಡಿಯೋ ಡಾಕ್ಟರಾದರೂ ಇರಲಿ ಬಿಡಿ” ಅನ್ನೋ ವಾದ ಇದೆ. ಇವತ್ತಿನ ಮಟ್ಟಿಗೆ ಅದು ಸರಿ. ಹಸಿದವರ ಮುಂದೆ ಅರ್ಧ ರೊಟ್ಟಿಯನ್ನು ಯಾರೂ ಕಸಿಯಬಾರದು. ಆದರೆ ‘ಆದರೂ ಇರಲಿ’ ಅನ್ನುವುದು ಹತ್ತು ವರ್ಷದ ನಂತರವೂ ಉಳಿದರೆ, ಅದು ತಾತ್ಕಾಲಿಕ ಪರಿಹಾರವಾಗಿ ಉಳಿಯುವುದಿಲ್ಲ, ಖಾಲಿ ಹುದ್ದೆಯನ್ನು ಖಾಲಿ ಬಿಡಲು ಸಿಕ್ಕ ನೆಪವಾಗುತ್ತದೆ. ‘ಇ-ಸಂಜೀವಿನಿ ಇದೆಯಲ್ಲ’ ಅಂತ ನೇಮಕಾತಿಯ ಕಡತ ಮುಚ್ಚಿದರೆ ಕೇಳುವವರು ಯಾರು?

ಕೇಳಬೇಕಾದ್ದು

ಕೇಳಬೇಕಾದವರು ನಾವೇ. ಕೆಲವು ಬೇಡಿಕೆಗಳು ದೊಡ್ಡ ಬಜೆಟ್ ಕೂಡ ಬೇಡುವುದಿಲ್ಲ.

ಒಂದು, ಅದೇ ವೈದ್ಯರು. ಒಮ್ಮೆ ನೋಡಿದ ವೈದ್ಯರ ಬಳಿಗೇ ಮುಂದಿನ ಕರೆ ಮೊದಲು ಹೋಗುವಂತೆ ಮಾಡುವುದು ಅಸಾಧ್ಯದ ಕೆಲಸವೇನಲ್ಲ. ಉಪಕೇಂದ್ರದ ಕರೆ ಮೊದಲು ಆ ಭಾಗದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ಹೋಗಲಿ. ಅವರನ್ನು ರೋಗಿ ಮುಂದಿನ ವಾರ ಖುದ್ದಾಗಿಯೂ ಕಾಣಬಹುದು.

ಎರಡು, ಪ್ರತಿ ಕುಟುಂಬಕ್ಕೆ ಒಬ್ಬ ಹೆಸರಿರುವ ವೈದ್ಯರು. ರಾಜ್ಯದಲ್ಲಿ 438 ‘ನಮ್ಮ ಕ್ಲಿನಿಕ್’ಗಳ ಯೋಜನೆಯಾಯಿತು, ಅದರಲ್ಲಿ ಬೆಂಗಳೂರಿಗೆ ವಾರ್ಡಿಗೊಂದರಂತೆ 243. ‘ಗೃಹ ಆರೋಗ್ಯ’ದಲ್ಲಿ ಮನೆಬಾಗಿಲಿಗೆ ಬಂದು ಬಿಪಿ, ಶುಗರ್ ನೋಡುತ್ತಾರೆ. ಈ ಎರಡನ್ನೂ ಜೋಡಿಸಿ, ‘ನಿಮ್ಮ ವೈದ್ಯರು ಇವರು’ ಅಂತ ಒಂದು ಚೀಟಿ ಕೊಟ್ಟರೆ ಕುಟುಂಬ ವೈದ್ಯ ಪದ್ಧತಿಯ ಬೀಜ ಬಿತ್ತಿದಂತೆ. ಸಂಜೆ ಕೂಲಿ ಮುಗಿಸಿ ಬಂದವರಿಗೂ ಆ ವೈದ್ಯರು ವಿಡಿಯೋದಲ್ಲಿ ಸಿಗುವಂತಾದರೆ ಪರದೆಗೆ ನಿಜವಾದ ಬೆಲೆ ಬರುತ್ತದೆ.

ಮೂರು, ಸಿಎಚ್‌ಒ, ನರ್ಸ್, ವೈದ್ಯರ ಕೆಲಸಕ್ಕೆ ಭದ್ರತೆ. ಕೆಲಸಗಾರರು ವರ್ಷ ವರ್ಷ ಬದಲಾದರೆ ಪರಿಚಯ ಬೆಳೆಯುವುದಿಲ್ಲ. ಗುತ್ತಿಗೆ ಪದ್ಧತಿ ನೌಕರರ ಸಮಸ್ಯೆ ಅಷ್ಟೇ ಅಲ್ಲ, ರೋಗಿಯ ಸಮಸ್ಯೆಯೂ ಹೌದು.

ನಾಲ್ಕು, ಎಣಿಕೆ ಬದಲಾಗಲಿ. ಎಷ್ಟು ಕರೆ ಆಯಿತು ಅನ್ನುವುದರ ಜೊತೆಗೆ ಎಷ್ಟು ಜನರಿಗೆ ಅದೇ ವೈದ್ಯರು ಮತ್ತೆ ಸಿಕ್ಕರು, ಎಷ್ಟು ಜನರಿಗೆ ಬರೆದ ಔಷಧ ಕೈಗೆ ಬಂತು, ಎಷ್ಟು ಜನರನ್ನು ಖುದ್ದು ಪರೀಕ್ಷೆಗೆ ಕಳಿಸಲಾಯಿತು ಅನ್ನೋದನ್ನೂ ಜಿಲ್ಲಾವಾರು ಪ್ರಕಟಿಸಲಿ. ಉಪಕೇಂದ್ರದಲ್ಲಿ ಒಂದು ಪರದೆ ಬಟ್ಟೆ, ಒಂದು ಹೆಡ್‌ಫೋನ್ ಇಡಲಿ. ಹೆಂಗಸರ ಗುಟ್ಟು ಕಾಯಲು ಕೋಟಿಗಟ್ಟಲೆ ಬೇಕಿಲ್ಲ.

ಜೊತೆಗೆ ಈಗಾಗಲೇ ಇರುವ ಹಕ್ಕುಗಳನ್ನು ತಿಳಿದಿಟ್ಟುಕೊಳ್ಳಿ, ಮನೆಯ ಹಿರಿಯರಿಗೂ ಹೇಳಿ. ಅದೇ ಮಾರ್ಗಸೂಚಿ ಪ್ರಕಾರ ವೈದ್ಯರು ತಮ್ಮ ಹೆಸರು, ಅರ್ಹತೆ ಹೇಳಬೇಕು, ಚೀಟಿಯಲ್ಲಿ ನೋಂದಣಿ ಸಂಖ್ಯೆ ಇರಬೇಕು. ಕರೆ ಆರಂಭಿಸಿದ್ದು ಆರೋಗ್ಯ ಕಾರ್ಯಕರ್ತರಾದರೆ ನಿಮ್ಮ ಸ್ಪಷ್ಟ ಒಪ್ಪಿಗೆ ಪಡೆಯಬೇಕು. ಕೃತಕ ಬುದ್ಧಿಮತ್ತೆಯ ಯಂತ್ರ ತಾನೇ ರೋಗಿಗೆ ಸಲಹೆ ಕೊಡುವಂತಿಲ್ಲ, ಔಷಧ ಬರೆಯುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು: ರೋಗಿ ಖುದ್ದಾಗಿ ಬರಲು ತಯಾರಿದ್ದಾಗ, ‘ನನ್ನನ್ನು ಎದುರಿಗೇ ನೋಡಿ’ ಅಂತ ಕೇಳಿದಾಗ, ವಿಡಿಯೋವೇ ಸಾಕು ಅಂತ ವೈದ್ಯರು ಹಟ ಹಿಡಿದರೆ ಅದನ್ನು ಮಾರ್ಗಸೂಚಿ ದುರ್ನಡತೆ ಅಂತಲೇ ಕರೆದಿದೆ.

ಮಂಡ್ಯದ ‘ಐದು ರೂಪಾಯಿ ಡಾಕ್ಟರ್’ ಶಂಕರೇಗೌಡರ ಮುಂದೆ ಜನ ಸಾಲುಗಟ್ಟುವುದನ್ನು ನಾವೆಲ್ಲ ಹೊಗಳುತ್ತೇವೆ. ಫೀಸು ಕಡಿಮೆ ಅನ್ನುವುದು ಒಂದು ಕಾರಣ. ಇನ್ನೊಂದು, ಅವರು ಅಲ್ಲೇ ಇರುತ್ತಾರೆ ಅನ್ನುವ ನಂಬಿಕೆ. ನಿನ್ನೆ ಇದ್ದವರು ಇವತ್ತೂ ಇದ್ದಾರೆ, ನಾಳೆಯೂ ಸಿಗುತ್ತಾರೆ. ಅಂಥ ನಂಬಿಕೆ ಒಬ್ಬಿಬ್ಬರ ದೊಡ್ಡಗುಣದ ಮೇಲೆ ನಿಲ್ಲಬಾರದು, ಅದು ಸರ್ಕಾರಿ ವ್ಯವಸ್ಥೆಯಲ್ಲಿ ಎಲ್ಲರಿಗೂ ಸಿಗುವ ಹಕ್ಕಾಗಬೇಕು. ಮುಂದಿನ ಸಲ ಸಚಿವರೊಬ್ಬರು ಕೋಟಿಗಳ ಲೆಕ್ಕ ಹೇಳಿದಾಗ ಒಂದೇ ಪ್ರಶ್ನೆ ಕೇಳಿ: “ಸಾರ್, ಆ ಕೋಟಿ ಜನರಲ್ಲಿ ಎಷ್ಟು ಮಂದಿಗೆ ತಮ್ಮ ಡಾಕ್ಟರ ಹೆಸರು ಗೊತ್ತು?”